ಹೊಟ್ಟೆ ಹುಣ್ಣಿಗೆ ಮಿರ್ಚಿ ಕಾರಣವಾ?

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸ. ಸೊಂಟ ನೋವಿಗೆ ಎರಡು ತಿಂಗಳಿಂದ ದಿನಾ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದೆ. ಈಗ ಎದೆಗೂಡಿನ ಕೆಳಗೆ ಉರಿ. ಎಂಡೋಸ್ಕೋಪಿ ಮಾಡಿ ಜಠರದಲ್ಲಿ ಹುಣ್ಣಾಗಿದೆ ಅಂದರು. ಸಂಜೆ ಮಿರ್ಚಿ-ಮಂಡಕ್ಕಿ ತಿಂದಿದ್ದಕ್ಕೇ ಹೀಗಾಯಿತು ಅಂತ ಮನೆಯವರು ಬೈತಾರೆ. ನಿಜವೇ?

ಉತ್ತರ: ಮಿರ್ಚಿಯಿಂದ ಉರಿ ಜಾಸ್ತಿ ಆಗಬಹುದು. ಹುಣ್ಣು ಮಾತ್ರ ಅದರಿಂದ ಆಗುವುದಿಲ್ಲ. ನನಗೆ ಅನುಮಾನ ಇರುವುದು ನಿಮ್ಮ ಮಾತ್ರೆಯ ಮೇಲೆ.

ಜಠರದ ಒಳಪದರದ ಚೂರೊಂದನ್ನು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳು. ಗುಳಿಯ ತಳದಿಂದ ಕೊಳವೆಯಂಥ ಗ್ರಂಥಿಗಳು ಕೆಳಗಿಳಿಯುತ್ತವೆ. ಅವುಗಳ ಗೋಡೆಯಲ್ಲಿ ಹಾಫ್‌ಬಾಯಿಲ್ ಮೊಟ್ಟೆಯಂತೆ ನಡುವೆ ಚುಕ್ಕೆಯಿರುವ ಗುಲಾಬಿ ಕೋಶಗಳು ಕಾಣುತ್ತವೆ. ಇವು ಪರೈಟಲ್ ಕೋಶಗಳು. ಆಸಿಡ್ ಮಾಡುವುದು ಇವೇ. ಇನ್ನೂ ಕೆಳಗಿನ ನೇರಳೆ ಬಣ್ಣದ ಚೀಫ್ ಕೋಶಗಳು ಪೆಪ್ಸಿನೋಜೆನ್ ಕೊಡುತ್ತವೆ. ಅದು ಆಸಿಡ್ ತಾಗಿದಾಗ ಮಾಂಸವನ್ನೂ ಕರಗಿಸುವ ಪೆಪ್ಸಿನ್ ಆಗುತ್ತದೆ.

ಹಾಗಾದರೆ ಜಠರವೇ ಯಾಕೆ ಕರಗುವುದಿಲ್ಲ? ಮೇಲ್ಮೈಯ ಕೋಶಗಳು ಅಂಟು ಲೋಳೆ ಸುರಿಸಿ ಹೊದಿಕೆ ಹಾಸುತ್ತವೆ, ಅದರೊಳಗೆ ಆಸಿಡ್ ತಣಿಸುವ ಬೈಕಾರ್ಬನೇಟ್ ಬಿಡುತ್ತವೆ. ಲೋಳೆಯ ಮೇಲೆ ಪಿಎಚ್ (ಆಸಿಡ್ ಅಳೆಯುವ ಅಂಕಿ, ಕಡಿಮೆಯಾದಷ್ಟೂ ಆಸಿಡ್ ಜೋರು) 1-2 ಇದ್ದರೂ ಅಡಿಯಲ್ಲಿ ಸುಮಾರು 7, ಅಂದರೆ ನೀರಿನಷ್ಟೇ ಸೌಮ್ಯ. ಸವೆದ ಕೋಶಗಳ ಜಾಗಕ್ಕೆ ಕೆಲವೇ ದಿನಗಳಲ್ಲಿ ಹೊಸವು ಬರುತ್ತವೆ. ಎಷ್ಟು ನೋಡಿದರೂ ನನಗೆ ಬೆರಗು ಹುಟ್ಟಿಸುವ ಏರ್ಪಾಡಿದು.

ಲೋಳೆ, ಬೈಕಾರ್ಬನೇಟ್, ರಕ್ತದ ಹರಿವು ಮೂರನ್ನೂ ಕಾಯುವುದು ದೇಹವೇ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ನೋವು ತಗ್ಗಿಸುವುದೇ ಅದರ ತಯಾರಿಕೆ ನಿಲ್ಲಿಸಿ. ಕಾವಲು ಹೋದ ಮೇಲೆ ಆಸಿಡ್ ಕೊರೆಯುತ್ತದೆ. ಒಳಪದರದ ತೆಳು ಸ್ನಾಯುವನ್ನೂ ದಾಟಿ ಗುಂಡಿ ಬಿದ್ದರೆ ಅದೇ ಹುಣ್ಣು.

ಇನ್ನೊಂದು ದೊಡ್ಡ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ವಾರೆನ್, ಮಾರ್ಷಲ್ ಇದನ್ನು ಬೆಳೆಸಿ ತೋರಿಸಿದ್ದು 1982ರಲ್ಲಿ, ನೊಬೆಲ್ ಬಂದಿದ್ದು 2005ರಲ್ಲಿ. ಎಂಡೋಸ್ಕೋಪಿಯಲ್ಲಿ ಚೂರು ತೆಗೆದಿದ್ದರೆ ಅದರ ರಿಪೋರ್ಟ್ ಕೇಳಿ ಪಡೆಯಿರಿ. ಬ್ಯಾಕ್ಟೀರಿಯಾ ಇದ್ದರೆ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಲೇಬೇಕು.

ಸೊಂಟಕ್ಕೆ ಬೇರೆ ಮದ್ದು ಬರೆಸಿಕೊಳ್ಳಿ. ಹೃದಯಕ್ಕೆಂದು ಆಸ್ಪಿರಿನ್ ಕೊಟ್ಟಿದ್ದರೆ ಸುಮ್ನೆ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮಿರ್ಚಿಯನ್ನು ಉರಿ ಇಳಿಯುವವರೆಗೆ ಬಿಟ್ಟರೆ ಸಾಕು.