ಲಾಭದಲ್ಲಿರುವ ಕಂಪನಿಗಳೂ ನೌಕರರನ್ನು ಕೆಲಸದಿಂದ ತೆಗೆಯುವುದೇಕೆ?

ಇದನ್ನು ಕಂಡು ಜನ ಸಿಟ್ಟಾಗುತ್ತಾರೆ; ಅದು ಬರೀ ಹೊಟ್ಟೆಕಿಚ್ಚು ಎನ್ನುವವರೂ ಇದ್ದಾರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಇಂತಹ ನಿರ್ಧಾರ ಕೈಗೊಳ್ಳುವ ಮುಖ್ಯಸ್ಥರ ಆದಾಯದ ಬಹುಪಾಲು ಬರುವುದು ಸಂಬಳದಿಂದಲ್ಲ, ಷೇರುಗಳಿಂದ. ಹೀಗಾಗಿ ಷೇರಿನ ಬೆಲೆ ಏರಿಸುವ ಕ್ರಮವು ನೌಕರರ ಹೊಟ್ಟೆಯ ಮೇಲೆ ಹೊಡೆದರೂ ಆ ಮುಖ್ಯಸ್ಥರಿಗೆ ಲಾಭವನ್ನೇ ತರುತ್ತದೆ. ಬೇಡಿಕೆ ಕುಸಿದು ಕೆಲಸ ಹೋಗುವ ಸಂದರ್ಭಗಳೂ ಇವೆ, ಆದರೆ ಜನರ ಸಿಟ್ಟು ಅದರ ಮೇಲಲ್ಲ.

ನೌಕರರನ್ನು ತೆಗೆದು ಉಳಿಸಿದ ಹಣ ಎಷ್ಟೋ ಬಾರಿ ಷೇರು ಮರುಖರೀದಿಗೆ ಹೋಗುತ್ತದೆ, ಅಂದರೆ ಕಂಪನಿಯೇ ತನ್ನ ಷೇರುಗಳನ್ನು ಮಾರುಕಟ್ಟೆಯಿಂದ ಕೊಂಡು ಚಲಾವಣೆಯಿಂದ ಹಿಂತೆಗೆಯುತ್ತದೆ. ಲಾಭ 100, ಷೇರುಗಳು 10 ಎಂದುಕೊಳ್ಳಿ: ಪ್ರತಿ ಷೇರಿನ ಪಾಲು 10. ಎರಡನ್ನು ಹಿಂತೆಗೆದರೆ, ಅಷ್ಟೇ ಲಾಭದಲ್ಲಿ ಉಳಿದ 8 ಷೇರುಗಳ ಪಾಲು ತಲಾ 12.5 ಆಗುತ್ತದೆ. ಹೊಸದಾಗಿ ಒಂದು ವಸ್ತುವೂ ತಯಾರಾಗದಿದ್ದರೂ ಲೆಕ್ಕದಲ್ಲಿ ಕಂಪನಿ ಬೆಳೆದಂತೆ ಕಾಣುತ್ತದೆ. ಕೆಲವು ಮಿತಿಗಳೊಳಗೆ ನಡೆಯುವ ಮರುಖರೀದಿಯನ್ನು ಬೆಲೆ ತಿರುಚಿದ ಆರೋಪದಿಂದ ರಕ್ಷಿಸುವ ನಿಯಮವನ್ನು ಅಲ್ಲಿನ ಷೇರುಪೇಟೆ ನಿಯಂತ್ರಕರು 1982ರಲ್ಲಿ ತಂದ ಮೇಲೆ ಈ ಪದ್ಧತಿ ವ್ಯಾಪಕವಾಯಿತು.

ಆದ್ದರಿಂದ ಈ ಸಿಟ್ಟನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ: ದುಡಿದು ಲಾಭ ತಂದುಕೊಟ್ಟವರಿಗೆ ಆ ಲಾಭದ ಹಂಚಿಕೆಯಲ್ಲಿ ಮಾತಾಡುವ ಹಕ್ಕೇ ಇಲ್ಲವಾಗಿದೆ.