ಕ್ಲಾಸಿನಲ್ಲಿ ಅರ್ಥವಾಗುವ ಭಾಷೆ ಸಂಗಾತಿಯ ಮನೆಯವರು ಆಡಿದಾಗ ಯಾಕೆ ಅರ್ಥವಾಗುವುದಿಲ್ಲ?

ಹೊರದೇಶದಿಂದ ಬಂದು ಕಲಿಯುತ್ತಿರುವ ನಿಮ್ಮದು ತಪ್ಪಲ್ಲ. ಮನೆಮಂದಿ ಮಾತು ಮುಗಿಯುವವರೆಗೆ ಕಾಯುವುದಿಲ್ಲ, ಮುಂದಿನದನ್ನು ಊಹಿಸುತ್ತಾರೆ. ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವೆ ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ ಅಷ್ಟೇ. ಒಂದೇ ಪದ ಹುಡುಕಿ ಆಡಲು ಅದರ ಸುಮಾರು ಮೂರು ಪಟ್ಟು ಹೊತ್ತು ಬೇಕು. ಹಾಗಾಗಿ ಅವರ ಉತ್ತರ ಮೊದಲೇ ಸಿದ್ಧವಾಗಿರುತ್ತದೆ.

ನೀವಿನ್ನೂ ಮೊದಲ ಪದ ಬಿಡಿಸುತ್ತಿರುವಾಗ ಅತ್ತೆ "ಅವತ್ತು ಆದ ಹಾಗೇ" ಎನ್ನುತ್ತಾರೆ, ಎಲ್ಲರೂ ನಗುತ್ತಾರೆ. ಯಾವತ್ತು? ಅದು ಯಾವ ನಿಘಂಟಿನಲ್ಲೂ ಇಲ್ಲ ಅಲ್ವಾ!

ಗುಂಪಿನಲ್ಲಿ ಸುಮ್ನೆ ಒದ್ದಾಡಬೇಡಿ. ಊಟವಾದ ಮೇಲೆ ಅತ್ತೆಯ ಜೊತೆ ಪಾತ್ರೆ ಒರೆಸುತ್ತಾ ಆ ಕಥೆ ಕೇಳಿ. ಒಬ್ಬರ ದನಿ, ಧಾಟಿ ಕಿವಿಗೆ ಹಿಡಿದರೆ ನಿಮಗೂ ಊಹೆ ಬರತೊಡಗುತ್ತದೆ.