ಹಿತ್ತಲ ಪ್ರಶ್ನೆ: ಬಾವಿ ನೀರು ಇಳಿಯುವ ಹೊತ್ತಿಗೆ

ಹೋಳಿ ಮುಗಿಯಿತು. ಅಂಕೋಲೆಯ ನಮ್ಮ ತವರಿನ ಕಡೆ ಸುಗ್ಗಿ ಕುಣಿತದ ಗುಮಟೆ ಸದ್ದು ನಿಂತಿದೆ, ಇಲ್ಲಿ ಶಿರಸಿಯ ಹಿತ್ತಲಲ್ಲಿ ಎಳೆ ಹಲಸಿನಕಾಯಿ ತೂಗುತ್ತಿವೆ. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: ವಸಂತ ಬಂತಲ್ಲ ಅಕ್ಕಾ, ಈಗ ಏನೇನು ಬಿತ್ತಲಿ?

ವಿಡಿಯೋ ನೋಡಿ ಕೇಳುತ್ತೀರಿ ಅಂತ ಗೊತ್ತು. ಆ ವಿಡಿಯೋ ಮಾಡುವವರ ಊರಲ್ಲಿ ವಸಂತ ಅಂದರೆ ಹಿಮ ಕರಗಿ ನೆಲ ಹಸಿಯಾಗುವ ಕಾಲ. ನಮ್ಮಲ್ಲಿ ಅದು ಬಾವಿ ಇಳಿಯುವ ಕಾಲ. ಹಾಗಾಗಿ ನನ್ನ ಲೆಕ್ಕ ಉಲ್ಟಾ. ಜೂನ್ ಮೊದಲ ವಾರದ ಮಳೆಯಿಂದ ಹಿಂದಕ್ಕೆ ಎಣಿಸಿ, ಮೇ ತಿಂಗಳಲ್ಲಿ ನಿಮ್ಮ ಬಾವಿ ದಿನಕ್ಕೆ ಎಷ್ಟು ಕೊಡ ಕೊಡುತ್ತದೆ ನೋಡಿ, ಆಮೇಲೆ ಬೀಜದ ಪೊಟ್ಟಣ ಬಿಚ್ಚಿ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ತರಕಾರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಅಂದರೆ ಹತ್ತು ಲೀಟರ್ ಹಿಡಿಯುವ ಒಂದು ಕೊಡಕ್ಕೆ ಎರಡು ಚದರ ಮೀಟರ್. ಮೇ ತಿಂಗಳಲ್ಲಿ ಆರು ಕೊಡ ಮಿಗುತ್ತದೆ ಅಂದರೆ ನಿಮ್ಮ ತೋಟ ಹನ್ನೆರಡು ಚದರ ಮೀಟರ್, ಅಷ್ಟೇ. ಹಿತ್ತಲು ಎಷ್ಟೇ ದೊಡ್ಡದಿರಲಿ.

ಅಕ್ಕಾ, ಕಾರವಾರದಲ್ಲಿ ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ ನಮ್ಮ ಮನೆ. ಹಿತ್ತಲು ಪೂರ್ತಿ ಮರಳು. ಜನವರಿಯಲ್ಲಿ ಹಾಕಿದ ಬೀನ್ಸ್ ಎಲೆಯ ಅಂಚು ಸುಟ್ಟ ಹಾಗೆ ಒಣಗುತ್ತಿದೆ. ಪಂಪ್ ಹಾಕಿ ಎರಡು ಹೊತ್ತು ನೀರು ಬಿಡುತ್ತೇವೆ. ನೀರು ಈಗ ನಾಲಿಗೆಗೆ ಸ್ವಲ್ಪ ಉಪ್ಪು ಹತ್ತುತ್ತದೆ. ಬಾವಿ ಇನ್ನೂ ನಾಲ್ಕಡಿ ಇಳಿಸೋಣ ಅಂತಾರೆ ಮನೆಯವರು. ತರಕಾರಿಯೇ ಬಿಟ್ಟುಬಿಡಲಾ? — ಕಾರವಾರದ ಓದುಗರು

ತರಕಾರಿ ಬಿಡಬೇಡಿ, ಬಾವಿ ಇಳಿಸುವ ಯೋಚನೆ ಬಿಡಿ.

ಕಡಲ ಬದಿಯ ಮರಳಲ್ಲಿ ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಹಾಲಿನ ಮೇಲೆ ಕೆನೆ ನಿಂತ ಹಾಗೆ ಅಂದುಕೊಳ್ಳಿ, ಆದರೆ ಈ ಕೆನೆ ದಪ್ಪ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿವರೆಗೆ ಸಿಹಿನೀರು ಇರುತ್ತದೆ ಅನ್ನುವುದು ಅಂದಾಜು ಲೆಕ್ಕ. ಇದರ ಕೆಟ್ಟ ಮುಖ ಏನು ಅಂದರೆ ಮೇಲಿನ ಮಟ್ಟ ಸ್ವಲ್ಪ ಇಳಿದರೂ ಕೆಳಗಿನ ಉಪ್ಪು ಅದರ ಎಷ್ಟೋ ಪಟ್ಟು ಮೇಲಕ್ಕೆ ಬರುತ್ತದೆ. ನೀವು ಪಂಪ್ ಹಾಕಿ ಅರ್ಧ ಗಂಟೆಯಲ್ಲಿ ಬಾವಿ ಬರಿದು ಮಾಡಿದಾಗ ಆಗುವುದು ಇದೇ. ಬಾವಿ ಇಳಿಸಿದರೆ ಉಪ್ಪಿಗೆ ನೀವೇ ಎದುರು ಹೋದ ಹಾಗೆ.

ನಮ್ಮ ತವರಿನ ಹಾಲಕ್ಕಿ ಒಕ್ಕಲಿಗ ಹೆಂಗಸರನ್ನು ನೋಡಿ. ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲೇ ತರಕಾರಿ. ಮೂಲೆಯಲ್ಲಿ ಒಂದು ಆಳವಿಲ್ಲದ ಹೊಂಡ, ಅದರಿಂದ ಕೊಡದಲ್ಲಿ ಎತ್ತಿ ಗಿಡದ ಬುಡಕ್ಕೆ ಹಾಕುತ್ತಾರೆ. ನಾನು ಚಿಕ್ಕವಳಿದ್ದಾಗ ಇದು ಪಂಪ್ ಇಲ್ಲದವರ ಕಷ್ಟ ಅಂದುಕೊಂಡಿದ್ದೆ. ಹೊಂಡ ಆಳ ಮಾಡದೆ, ಮೇಲಿನ ಸಿಹಿಯನ್ನಷ್ಟೇ ನಿಧಾನಕ್ಕೆ ಎತ್ತುತ್ತಿದ್ದಾರೆ ಅಂತ ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು ನೋಡಿ. ನೀವೂ ಹಗ್ಗ ಕೊಡ ಹಿಡಿಯಿರಿ, ಇಲ್ಲವೇ ಪಂಪನ್ನು ಐದೈದು ನಿಮಿಷ ಬಿಟ್ಟು ಬಿಟ್ಟು ಹಾಕಿ, ಅದರ ಬಾಯಿ ನೀರಿನ ಮೇಲ್ಭಾಗದಲ್ಲೇ ಇರಲಿ.

ಇನ್ನು ಬೀನ್ಸ್. ಉಪ್ಪಿಗೆ ಎಲ್ಲಕ್ಕಿಂತ ಬೇಗ ಸೋಲುವ ತರಕಾರಿಗಳಲ್ಲಿ ಅದು ಒಂದು. ಕಿತ್ತುಹಾಕಿ, ಬೇಜಾರು ಬೇಡ. ಬೀಟ್‌ರೂಟ್, ಪಾಲಕ್ ಉಪ್ಪು ತಾಳುತ್ತವೆ, ಆದರೆ ಈ ಸೆಕೆಯಲ್ಲಿ ಅವು ಬೇಡ, ನವೆಂಬರ್‌ಗೆ ನೆನಪಿಡಿ. ಈಗ ಹರಿವೆ ಹಾಕಿ. 25–30 ದಿನಕ್ಕೆ ಕೀಳಬಹುದು, ನೀರು ಪೂರ್ತಿ ಕೆಡುವ ಮೊದಲು ಎರಡು ಸಲ ತಿಂದಿರುತ್ತೀರಿ. ಬಸಳೆಯ ನಾಲ್ಕು ಕಡ್ಡಿಯೂ ಇರಲಿ. ನಮ್ಮ ತವರಲ್ಲಿ ಏಪ್ರಿಲ್ ಕೊನೆಗೆ ಎಲ್ಲ ಒಣಗಿದರೂ ಬಸಳೆ ಚಪ್ಪರ ಒಂದು ಹಸಿರಾಗಿ ಇರುತ್ತಿತ್ತು.

ನೀರನ್ನು ಎಲೆ ಮೇಲೆ ಚಿಮುಕಿಸಬೇಡಿ, ಒಣಗಿದಾಗ ಉಪ್ಪು ಎಲೆಯಲ್ಲೇ ಉಳಿಯುತ್ತದೆ. ಬುಡಕ್ಕೆ ಹಾಕಿ. ಮಡಿಯ ಅಡಿ ಒಂದಡಿ ಆಳದಲ್ಲಿ ತೆಂಗಿನ ಸಿಪ್ಪೆಯನ್ನು ಬಟ್ಟಲಿನ ಹಾಗೆ ಬಾಯಿ ಮೇಲೆ ಮಾಡಿ ಜೋಡಿಸಿ ಮುಚ್ಚಿದರೆ ಮರಳಲ್ಲೂ ನೀರು ನಿಲ್ಲುತ್ತದೆ. ಹಾಂ, ಒಣಮೀನಿನ ಕಸ ಗಿಡದ ಬುಡಕ್ಕೆ ಹಾಕುತ್ತಿದ್ದರೆ ನಿಲ್ಲಿಸಿ, ಉಪ್ಪಿನ ಮೇಲೆ ಉಪ್ಪು ಅದು. ಹಸಿಮೀನಿನ ಕಸ ಒಳ್ಳೆಯ ಗೊಬ್ಬರ, ಆದರೆ ಆಳಕ್ಕೆ ಹುಗಿಯಿರಿ, ಇಲ್ಲದಿದ್ದರೆ ಬೀದಿಯ ನಾಯಿಗಳೆಲ್ಲ ನಿಮ್ಮ ತೋಟದಲ್ಲೇ ಇರುತ್ತವೆ.

ಟೊಮೆಟೊ ಗಿಡ ಚೆನ್ನಾಗಿ ಬಂದಿತ್ತು, ಕಾಯಿ ಕೂಡ ಬಿಟ್ಟಿತ್ತು. ಒಂದು ಮಧ್ಯಾಹ್ನ ಹಸಿರಾಗಿದ್ದ ಹಾಗೇ ಜೋತು ಬಿತ್ತು, ನೀರು ಹಾಕಿದರೂ ಏಳಲಿಲ್ಲ. ಮೂರು ದಿನದಲ್ಲಿ ಆರು ಗಿಡ ಹೋಯಿತು. ಮಾವನವರು ಬೂದಿ ಹಾಕು ಅಂತಾರೆ, ಅಂಗಡಿಯವರು ಒಂದು ಔಷಧಿ ಕೊಟ್ಟರು. ಹಿಂದೆ ಆ ಜಾಗದಲ್ಲಿ ಶುಂಠಿ ಹಾಕಿದ್ದೆವು. — ಬನವಾಸಿ ರಸ್ತೆ, ಶಿರಸಿ

ಎಲೆ ಹಳದಿಯಾಗದೆ, ಹಸಿರಾಗಿಯೇ ಜೋತು ಬಿದ್ದರೆ ಅದು ಬಹುಮಟ್ಟಿಗೆ ಸೊರಗು ರೋಗ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಿಡದ ಬುಡದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮುಳುಗುವ ಹಾಗೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಕೆಳಗೆ ಇಳಿದರೆ ಅದೇ. ಅದು ಬ್ಯಾಕ್ಟೀರಿಯಾ, ಗಿಡದ ನೀರಿನ ನಾಳದಲ್ಲಿ ತುಂಬಿಕೊಂಡಿರುತ್ತದೆ. ನಾಳ ಕಟ್ಟಿದ ಮೇಲೆ ನೀವು ಎಷ್ಟು ನೀರು ಹಾಕಿದರೂ ಮೇಲೆ ಹೋಗುವುದಿಲ್ಲ.

ಬಿದ್ದ ಗಿಡವನ್ನು ಏಳಿಸುವ ಔಷಧಿ ಇಲ್ಲ. ಅಂಗಡಿಯಲ್ಲಿ ಕೊಟ್ಟ ಡಬ್ಬಿಯ ದುಡ್ಡು ಹೋಯಿತು ಅಂತ ತಿಳಿಯಿರಿ (ನನ್ನದೂ ಹೀಗೆ ಒಮ್ಮೆ ಹೋಗಿದೆ, ಯಾವ ಅಂಗಡಿ ಅಂತ ಹೇಳುವುದಿಲ್ಲ). ಗಿಡವನ್ನು ಬೇರಿನ ಮಣ್ಣಿನ ಸಮೇತ ಕಿತ್ತು ಸುಡಿ. ಗೊಬ್ಬರಗುಂಡಿಗೆ ಮಾತ್ರ ಹಾಕಬೇಡಿ, ಮುಂದಿನ ವರ್ಷ ಇಡೀ ಹಿತ್ತಲಿಗೆ ನೀವೇ ಹಂಚುತ್ತೀರಿ. ಕಿತ್ತ ಕೈ, ಗುದ್ದಲಿ ಎರಡನ್ನೂ ತೊಳೆದೇ ಬೇರೆ ಮಡಿಗೆ ಹೋಗಿ. ಆ ಮಡಿಯ ನೀರು ಹರಿದು ಪಕ್ಕದ ಮಡಿಗೆ ಹೋಗುವಂತಿದ್ದರೆ ಅದನ್ನೂ ತಪ್ಪಿಸಿ.

ಶುಂಠಿ ಅಂದಿರಲ್ಲ, ಅಲ್ಲೇ ಸುಳಿವು ಇದೆ. ಈ ಬ್ಯಾಕ್ಟೀರಿಯಾ ಶುಂಠಿಗೂ ಬರುತ್ತದೆ, ಬದನೆ, ಮೆಣಸಿನ ಗಿಡ, ಬಟಾಟೆಗೂ ಬರುತ್ತದೆ, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಕನಿಷ್ಠ ಮೂರು ವರ್ಷ ಅಲ್ಲಿ ಇವು ಯಾವುವೂ ಬೇಡ. ಅಲಸಂದೆ, ಬೆಂಡೆ, ಮುಸುಕಿನ ಜೋಳ ಹಾಕಿ. ಟೊಮೆಟೊ ತಿನ್ನದೆ ಇರಲಾರೆ ಅಂದರೆ ಬೇರೆ ಕಡೆಯ ಮಣ್ಣು ತುಂಬಿದ ಚೀಲದಲ್ಲಿ ಬೆಳೆಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗ ತಡೆಯುವ ಗುಣ ಇರುವಂಥದ್ದು. ಅದು ಹೈಬ್ರಿಡ್, ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಹಾಕಿದರೆ ಅದೇ ಗುಣ ಬರುವುದಿಲ್ಲ. ಕಾಡು ಸುಂಡೆಯ ಬೇರಿಗೆ ಬದನೆ ಅಥವಾ ಟೊಮೆಟೊ ಕಸಿ ಕಟ್ಟುವುದೂ ಇದೆ. ಕೈ ಪಳಗಿದವರು ಸಿಕ್ಕರೆ ಕಲಿತುಕೊಳ್ಳಿ, ನನಗೆ ಹತ್ತರಲ್ಲಿ ನಾಲ್ಕು ಬದುಕುತ್ತವೆ.

ಮಾವನವರ ಬೂದಿ? ರೋಗ ವಾಸಿ ಮಾಡುವುದಿಲ್ಲ, ಆದರೆ ಅವರ ಮಾತು ತಳ್ಳಿಹಾಕುವಂಥದ್ದೂ ಅಲ್ಲ. ನಮ್ಮ ಕೆಂಪು ಮಣ್ಣು ಜೋರು ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ, ಬೂದಿಯೂ ಸುಣ್ಣವೂ ಆ ಹುಳಿ ತಗ್ಗಿಸುತ್ತವೆ. ಎಷ್ಟು ಹಾಕಬೇಕು ಅನ್ನುವುದಕ್ಕೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ಮಣ್ಣು ಪರೀಕ್ಷೆ ಬಗ್ಗೆ ಕೇಳಿ. ಸುಣ್ಣ ಹಾಕಿದರೆ ಎರಡು ಮೂರು ವಾರ ಬಿಟ್ಟು ಸಗಣಿ ಗೊಬ್ಬರ ಹಾಕಿ. ಎರಡನ್ನೂ ಕೂಡಿಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ.

ಮೊಗೆಬಳ್ಳಿ (ಮಂಗಳೂರು ಸೌತೆ) ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಬಳ್ಳಿ ಬಂಜೆಯಾ? — ಯಲ್ಲಾಪುರ

ಅಲ್ಲ. ಮೊದಲು ಬರುವುದು ಗಂಡು ಹೂವು, ಸೆಕೆ ಜಾಸ್ತಿಯಾದರೆ ಅದೇ ಹೆಚ್ಚು. ಹೂವಿನ ಹಿಂದೆ ಪುಟ್ಟ ಮಿಡಿ ಇದ್ದರೆ ಹೆಣ್ಣು. ಮಿಡಿ ಬಂದೂ ಹಳದಿಯಾಗಿ ಉದುರುತ್ತಿದ್ದರೆ ಜೇನು ಬರುತ್ತಿಲ್ಲ. ಬೆಳಿಗ್ಗೆ ಎಂಟರೊಳಗೆ ಗಂಡು ಹೂವು ಕಿತ್ತು ಪಕಳೆ ಬಿಡಿಸಿ ಹೆಣ್ಣು ಹೂವಿಗೆ ಸವರಿ. ಮಿಡಿ ಕೊಳೆತು ಒಳಗೆ ಹುಳ ಇದ್ದರೆ ಅದು ಹಣ್ಣುನೊಣದ ಕೆಲಸ. ಬಿದ್ದಿದ್ದನ್ನೆಲ್ಲ ಹೆಕ್ಕಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಬಿಸಿಲಿಗೆ ಇಡಿ, ಉಳಿದ ಮಿಡಿಗೆ ಪೇಪರ್ ಸುತ್ತಿ. ಬಲಿತ ಕಾಯನ್ನು ತೊಟ್ಟು ಸಮೇತ ಕೊಯ್ದು ಬಾಳೆಪಟ್ಟೆಯಲ್ಲಿ ಕಟ್ಟಿ ಮಾಡಿಗೆ ತೂಗಿಸಿದರೆ ಆಷಾಢದಲ್ಲಿ ಪೇಟೆಗೆ ಹೋಗಲಾಗದ ದಿನ ಹುಳಿಗೆ ಆಗುತ್ತದೆ. ಬೇಸಿಗೆಯ ಮೊಗೆ ಹಾಕುವುದೇ ಅದಕ್ಕೆ, ಅಲ್ವಾ.

ಮಂಗನ ಕಾಟಕ್ಕೆ ಸಾಕಾಗಿದೆ. ಬೇಲಿ ಲೆಕ್ಕಕ್ಕಿಲ್ಲ. ಇನ್ನೊಂದು, ಮಡಿಗೆ ಮುಚ್ಚಲು ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ತರುತ್ತಿದ್ದೇವೆ, ಎಷ್ಟು ದಪ್ಪ ಹಾಕಬೇಕು? — ಸಿದ್ದಾಪುರ

ತಂಗೀ, ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಈಗ ಬೆಟ್ಟದ ದರಕು ತರಬೇಡ. ಮಂಗನ ಕಾಯಿಲೆ ಹರಡುವುದು ದರಕಿನಲ್ಲಿರುವ ಉಣುಗಿನಿಂದ (ರಕ್ತ ಹೀರುವ ಉಣ್ಣೆ), ಅದರ ಕಾಲ ಡಿಸೆಂಬರ್‌ನಿಂದ ಮೇ. 1957ರಲ್ಲಿ ಅದು ಮೊದಲು ಗೊತ್ತಾದ ಕ್ಯಾಸನೂರು ಸೊರಬ ತಾಲ್ಲೂಕಿನದು, ನಿಮಗೆ ಪಕ್ಕದ ತಾಲ್ಲೂಕೇ. ಈಗಿನ ಉಣುಗು ಎಳ್ಳಿನಷ್ಟು ಸಣ್ಣದು, ಕಣ್ಣಿಗೇ ಬೀಳುವುದಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಬೆಟ್ಟಕ್ಕೆ ಹೋಗಿ ಬಂದವರಿಗೆ ಒಮ್ಮೆಲೇ ಜೋರು ಜ್ವರ, ತಲೆನೋವು ಬಂದರೆ ಕಷಾಯ ಕುಡಿದು ಕಾಯಬಾರದು, ಬೆಟ್ಟಕ್ಕೆ ಹೋಗಿದ್ದನ್ನು ಡಾಕ್ಟರಿಗೆ ಹೇಳಬೇಕು. ಮಡಿಗೆ ಮುಚ್ಚಲು ಅಂಗಳದಲ್ಲೇ ಇರುವ ಒಣ ಸೋಗೆ, ಹುಲ್ಲು, ಬಾಳೆ ಎಲೆ ಸಾಕು, ನಾಲ್ಕು ಬೆರಳು ದಪ್ಪ. ಬುಡಕ್ಕೆ ತಾಗಿಸಬೇಡ. ಎಳೆ ಸಸಿಗೆ ಅಡಿಕೆ ಹಾಳೆ ಓರೆಯಾಗಿ ನೆಟ್ಟರೆ ಮಧ್ಯಾಹ್ನದ ನೆರಳು ಆಯಿತು.

ಮಂಗ ಬರದ ಹಾಗೆ ಮಾಡುವ ಉಪಾಯ ನನಗೂ ಸಿಕ್ಕಿಲ್ಲ. ನಾಯಿ ಒಂದು ವಾರ, ಪಟಾಕಿ ಮೂರು ದಿನ, ಹುಲಿ ಗೊಂಬೆ ಒಂದೇ ದಿನ (ಮರುದಿನ ಅದರ ಮೇಲೆ ಕೂತಿತ್ತು). ಹಾಗಾಗಿ ಮಂಗಕ್ಕೆ ಬೇಡದ್ದನ್ನು ಹೊರಗೆ ಹಾಕುತ್ತೇನೆ: ಸುವರ್ಣಗಡ್ಡೆ, ಕೆಸು, ಅರಿಶಿನ. ಸುವರ್ಣಗಡ್ಡೆಗೆ ಇದೇ ಕಾಲ. ಕಣ್ಣಿರುವ ಅರ್ಧ ಕಿಲೋ ತುಂಡನ್ನು ಸಗಣಿ ನೀರಲ್ಲಿ ಅದ್ದಿ ಒಣಗಿಸಿ, ಒಂದೂವರೆ ಅಡಿ ಗುಂಡಿಗೆ ಗೊಬ್ಬರ ತುಂಬಿ ನೆಡು. ಮಳೆ ಬರುವವರೆಗೆ ಹೆಚ್ಚು ನೀರೂ ಕೇಳುವುದಿಲ್ಲ, ಎಂಟು ಒಂಬತ್ತು ತಿಂಗಳಿಗೆ ಕೀಳಬಹುದು. ಬೆಂಡೆ, ಅಲಸಂದೆ ಅಡುಗೆಮನೆ ಕಿಟಕಿಗೆ ಕಾಣುವಷ್ಟು ಹತ್ತಿರ, ಬಲೆಯೊಳಗೆ. ಬಲೆಯನ್ನು ನೆಲದಿಂದ ಅರ್ಧ ಅಡಿ ಮೇಲೆ ಕಟ್ಟು. ನೆಲಕ್ಕೆ ಬಿಟ್ಟರೆ ಹಾವು ಸಿಕ್ಕಿಕೊಂಡು ಸಾಯುತ್ತದೆ, ಪಾಪ.

ವಾಷಿಂಗ್ ಮೆಷಿನ್ ನೀರು ಬಸಳೆಗೆ ಬಿಡಬಹುದಾ? — ಹೊನ್ನಾವರ

ಹಿಂದೆ ಬಚ್ಚಲ ನೀರಿಗೇ ಬಸಳೆ ಚಪ್ಪರ ಇರುತ್ತಿತ್ತು ನಿಜ, ಆಗ ಬಚ್ಚಲಲ್ಲಿ ಸೀಗೆಪುಡಿ ಇರುತ್ತಿತ್ತು. ಸೋಪಿನ ಪುಡಿಯ ಮೊದಲ ನೀರು ಬೇಡ. ಕೊನೆಯ ಸಲ ಜಾಲಿಸಿದ ನೀರು ಬಿಡಿ, ಅದನ್ನೂ ತೆಂಗು, ಬಾಳೆಗೆ ಬಿಟ್ಟರೆ ಇನ್ನೂ ಒಳ್ಳೆಯದು. ಸೊಪ್ಪಿಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು.

ಕುಮಟೆಯ ಸಿಹಿ ಈರುಳ್ಳಿ ಗೊಂಚಲು ತಂದಿದ್ದೇನೆ. ಇದನ್ನೇ ಈಗ ನೆಡಲಾ? — ಶಿರಸಿ

ಈಗ ನೆಡಬೇಡಿ, ಮಳೆಗೆ ಕೊಳೆಯುತ್ತದೆ. ಗೊಂಚಲಲ್ಲಿ ನಾಲ್ಕು ಗಟ್ಟಿ ಗಡ್ಡೆ ಆರಿಸಿ ಹೊಗೆ ಗಾಳಿ ಎರಡೂ ಆಡುವ ಕಡೆ ತೂಗಿಸಿಡಿ. ಉಳಿದರೆ ನವೆಂಬರ್‌ನಲ್ಲಿ ನೆಡಿ, ಹೂವಿನ ಕಡ್ಡಿ ಬಂದು ಬೀಜ ಕಟ್ಟುತ್ತದೆ, ಆ ಬೀಜದಿಂದ ಅದರ ಮುಂದಿನ ವರ್ಷ ಸಸಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮಿಕ್ಕಿದ್ದನ್ನು ಹಸಿಯಾಗಿ ಮೊಸರಿಗೆ ಹೆಚ್ಚಿ ಹಾಕಿಕೊಂಡು ತಿನ್ನಿ. ನಾನು ಪ್ರತಿವರ್ಷ ನಾಲ್ಕು ಗಡ್ಡೆ ಬೀಜಕ್ಕೆ ಅಂತ ತೆಗೆದಿಡುತ್ತೇನೆ, ಮೇ ಕೊನೆಗೆ ಒಂದೋ ಎರಡೋ ಉಳಿದಿರುತ್ತವೆ.